ಎರಡೂವರೆ ಮೊಳದ ದಂತಾಳ

ಹುಲ್ಲು ಜಗ್ಗುವ ಕಟ್ಟಿಗೆ ಹಲ್ಲಿನ ದಂತಾಳ ಎಷ್ಟು ಅಗಲ ಇರಬೇಕು ಅಂತ ಯಾರಾದರೂ ಈಗ ನನ್ನನ್ನು ಕೇಳಿದರೆ, ಕೈಮುಗಿದು ಬಾಜೂ ಸರಿಯುತ್ತೇನೆ. ಆ ವರ್ಷ ಹಾಗಿರಲಿಲ್ಲ. ಆ ವರ್ಷ ಯಾರೂ ಕೇಳದಿದ್ದರೂ ಹೇಳುತ್ತಿದ್ದೆ!

ನಮ್ಮದು ಘೋಡಗೇರಿ. ಕಬ್ಬಿನ ಸೀಮೆ. ಫ್ಯಾಕ್ಟರಿಗಳು ಚಾಲೂ ಇರುವ ತನಕ ದನಗಳಿಗೆ ಕಬ್ಬಿನ ತುದಿಯ ಹಸಿರು ಗರಿ ಬೇಕಾದಷ್ಟು ಸಿಗುತ್ತದೆ. ಫ್ಯಾಕ್ಟರಿ ಬಂದಾದವೋ, ಅಲ್ಲಿಂದ ಮಳೆ ಬೀಳುವ ತನಕ ದನಗಳು ನಮ್ಮ ಮುಖ ನೋಡುತ್ತವೆ, ನಾವು ಮುಗಿಲಿನ ಮುಖ ನೋಡುತ್ತೇವೆ. ಹಿಂದಿನ ಬೇಸಿಗೆಯಲ್ಲಿ ನಮ್ಮ ಚಂದ್ರಿ ಎಷ್ಟು ಬಡವಾಗಿದ್ದಳೆಂದರೆ, ಪಕ್ಕೆಲುಬಿನ ಮೇಲೆ ಅರಿವೆ ಒಣಹಾಕಬಹುದಿತ್ತು.

ಚಂದ್ರಿ ಅಂದರೆ ನಮ್ಮ ಆಕಳು. ಮೂಡಲಗಿಯ ನನ್ನ ತವರಿನಿಂದ ಕರುವಾಗಿ ಬಂದವಳು. ಹಣೆಯ ಮೇಲೆ ಬಿಳಿ ಚುಕ್ಕಿ. ನಾನು ಕುಂತರೆ ಮಾತ್ರ ಹಾಲು ಬಿಡುತ್ತಾಳೆ, ಬೇರೆಯವರು ಕುಂತರೆ ಗಿಂಡಿ ಒದೆಯುತ್ತಾಳೆ. ದಿನಾ ಮುಂಜಾನೆ ಮೊದಲ ಗಿಂಡಿ ಹಾಲು ಬಸದಿಗೆ, ಸ್ವಾಮಿಯ ಅಭಿಷೇಕಕ್ಕೆ. ಉಳಿದದ್ದು ಮನೆಗೆ. ದೊಡ್ಡ ದಾನಧರ್ಮ ಮಾಡುವಷ್ಟು ನನ್ನ ಕೈ ದೊಡ್ಡದಲ್ಲ. ದೊಡ್ಡ ವ್ರತ ಹಿಡಿದರೆ ಮೂರನೇ ದಿನಕ್ಕೇ ತಲೆ ತಿರುಗುತ್ತದೆ. ಆ ಒಂದು ಗಿಂಡಿ ಹಿಡಿದುಕೊಂಡು ಬಸದಿಯ ಮೆಟ್ಟಿಲು ಹತ್ತುವುದಿದೆಯಲ್ಲ, ನನ್ನ ಪಾಲಿನ ಪುಣ್ಯ ಅಷ್ಟೇ. ಅಷ್ಟಾದರೂ ಇದೆಯಲ್ಲ ಅಂತ ನನಗೆ ಸಮಾಧಾನ.

ಶ್ರಾವಣದಲ್ಲಿ ಒಂದು ದಿನ ನಮ್ಮನಿಯವರು ಊಟಕ್ಕೆ ಕುಂತಾಗ ಮೆತ್ತಗೆ ಮಾತು ತೆಗೆದರು.

"ಚಂದ್ರೀನ ಭರಮಣ್ಣನ ಮನಿಗಿ ಕಳಿಸಿಬಿಡೋಣು ಅಂತೀನಿ. ಯಮಕನಮರಡ್ಯಾಗ ಅವನ ಹಂತ್ಯಾಕ ಕಣಕಿ ಬಣವಿ ಎರಡ ಅದಾವು. ಹೊಟ್ಟಿ ತುಂಬ ತಿಂದ ಇರ್ತಾಳ."

ಭರಮಣ್ಣ ಅಂದರೆ ನನ್ನ ನಾದಿನಿಯ ಗಂಡ. ಒಳ್ಳೆಯ ಮನುಷ್ಯ. ಕಣಕಿ ಅಂದರೆ ಜೋಳದ ಒಣಗಿದ ದಂಟು, ಅದೂ ಒಳ್ಳೆಯ ಮೇವೇ. ಇವರು ಸಿಟ್ಟಿನಿಂದ ಹೇಳಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಖರೇ ಮಾತನ್ನು ಮೆತ್ತಗೆ ಹೇಳುವವರ ಸಂಗಡ ಏನು ಮಾಡುವುದು?

"ಬ್ಯಾಸಗಿ ಮೇವಿನ ಜವಾಬ್ದಾರಿ ನಂದು," ಅಂದೆ.

"ಹೆಂಗ?"

"ಅದೆಲ್ಲಾ ನಿಮಗ್ಯಾಕ?"

ಖರೇ ಅಂದರೆ ಹೇಗೆ ಅಂತ ನನಗೂ ಗೊತ್ತಿರಲಿಲ್ಲ!

ಇವರು ಮಜ್ಜಿಗೆ ಕುಡಿದು ಬಟ್ಟಲು ಇಟ್ಟರು. "ಯುಗಾದಿಗಿ ಭರಮಣ್ಣ ಟೆಂಪೋ ತಗೊಂಡು ಬರ್ತಾನ. ಮೇವಿದ್ರ ಆಕಳಾ ಇರ್ತೈತಿ. ಇಲ್ಲಂದ್ರ ಟೆಂಪೋ ಹತ್ತತೈತಿ. ಆಮ್ಯಾಲ ಅಳಬಾರದ ನೋಡ."

ಸ್ವಾಮಿ ದೊಡ್ಡವನು. ಅದೇ ವಾರ ಘಟಪ್ರಭಾದಲ್ಲಿ ಹೈನದ ದನ ಸಾಕಿದ ಹೆಣ್ಣುಮಕ್ಕಳನ್ನು ಕೂಡಿಸಿ ರಸಮೇವು ಮಾಡುವುದನ್ನು ತೋರಿಸುತ್ತಾರೆ ಅಂತ ಸುದ್ದಿ ಬಂತು. ಬಾಜೂ ಮನೆಯ ನಿಂಗವ್ವಕಾಕೂನ ಕರಕೊಂಡು ಬಸ್ಸು ಹತ್ತಿದೆ.

ತೋರಿಸಿದವರು ಒಬ್ಬ ಹರೇದ ದನದ ಡಾಕ್ಟರು. ಹಸಿ ಹುಲ್ಲನ್ನು ಅರ್ಧ ಬಾಡಿಸಿ, ಗಾಳಿ ಹೋಗದ ಹಾಗೆ ಗಟ್ಟಿಯಾಗಿ ತುಳಿದು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಟ್ಟರೆ ಅದು ಒಳಗೇ ಹುಳಿಯಾಗಿ, ಕೆಡದೆ ತಿಂಗಳುಗಟ್ಟಲೆ ಇರುತ್ತದಂತೆ. ತುಳಿಯಲಿಕ್ಕೆ ಒಂದು ಕಟ್ಟಿಗೆಯ ಪೆಟ್ಟಿಗೆ. ತಳ ಇಲ್ಲ, ಮುಚ್ಚಳ ಇಲ್ಲ, ನಾಲ್ಕು ಗೋಡೆ ಅಷ್ಟೇ. ಕೊಯ್ದ ಹುಲ್ಲನ್ನು ದಂತಾಳದಿಂದ ಸಾಲಾಗಿ ಜಗ್ಗಬೇಕು, ಆ ಸಾಲನ್ನು ಚಾಪೆ ಸುತ್ತಿದ ಹಾಗೆ ಸುತ್ತಬೇಕು, ಸುರುಳಿಯನ್ನು ಪೆಟ್ಟಿಗೆಯಲ್ಲಿ ಇಳಿಸಿ ತುಳಿಯಬೇಕು, ಪೆಂಡಿ ಕಟ್ಟಿ ಚೀಲಕ್ಕೆ ತುಂಬಬೇಕು.

"ಅಕ್ಕಾರ, ಒಂದ ಮಾತ ನೆನಪಿಡ್ರಿ," ಅಂದರು ಡಾಕ್ಟರು. "ಪೆಟ್ಟಿಗಿ ಬಾಯಿ ಎಷ್ಟ ಉದ್ದ ಐತಿ, ದಂತಾಳ ಅಷ್ಟ ಅಗಲ ಇರಬೇಕು. ದಂತಾಳದಷ್ಟ ಅಗಲ ಸಾಲು, ಸಾಲಿನಷ್ಟ ಉದ್ದ ಸುರುಳಿ. ಹೆಚ್ಚಾದ್ರ ಪೆಟ್ಟಿಗಿ ಒಳಗ ಇಳಿಯಂಗಿಲ್ಲ, ಕಡಿಮಿ ಆದ್ರ ಮೂಲ್ಯಾಗ ಗಾಳಿ ಉಳದು ಬೂಸ್ಟು ಹಿಡಿತೈತಿ."

ಸುತ್ತುವುದು, ಲಟ್ಟಿಸುವುದು, ಮಡಚುವುದು! ಹುಟ್ಟಿದಾಗಿನಿಂದ ಮತ್ತೇನು ಮಾಡಿದ್ದೇನೆ? ಇಷ್ಟು ಸರಳ ವಿಷಯಕ್ಕೆ ಒಬ್ಬ ಡಾಕ್ಟರು ಬೇಕಾ ಅನ್ನಿಸಿತು. ಎದ್ದು ಹೋಗಿ ಪೆಟ್ಟಿಗೆಯ ಬಾಯಿಗೆ ಮೊಣಕೈ ಊರಿ ಅಳೆದೆ. ಸರಿಯಾಗಿ ಎರಡೂವರೆ ಮೊಳ. ಡಾಕ್ಟರು ಕಿಸೆಯಿಂದ ಟೇಪು ತೆಗೆದು, "ಇದರ್ಲೆ ಅಳೀರಿ ಅಕ್ಕಾರ" ಅಂದರು.

"ಬ್ಯಾಡ್ರಿ ಸರ," ಅಂದೆ ದೊಡ್ಡ ಮನಸ್ಸಿನಿಂದ. "ಟೇಪ್ ಎಲ್ಲೆರ ಮರತ ಬರ್ತೀವಿ. ಕೈ ಮರತ ಬರಂಗಿಲ್ಲಲ್ಲರಿ."

ಹೆಣ್ಣುಮಕ್ಕಳೆಲ್ಲ ನಕ್ಕರು. ನಾನು ಏನೋ ಜಾಣಮಾತು ಆಡಿದೆ ಅಂತ ತಿಳಿದುಕೊಂಡೆ.

ಪೆಟ್ಟಿಗೆ ಒಂದೇ ಇತ್ತು. ಪಾಳಿಯ ಮೇಲೆ ಊರೂರಿಗೆ ಬರುತ್ತದೆ, ಅಷ್ಟರಲ್ಲಿ ದಂತಾಳ ತಯಾರಿಟ್ಟುಕೊಳ್ಳಿರಿ ಅಂದಿದ್ದರು. ಮರುದಿನವೇ ಬಡಿಗೇರ ಮಾನಪ್ಪನ ಕಡೆ ಹೋದೆ. ಅವನ ಚಪ್ಪರದಲ್ಲಿ ಊರಿನ ನಾಲ್ಕು ಮಂದಿ ಹಿರಿಯರು ಯಾವಾಗಲೂ ಕುಂತಿರುತ್ತಾರೆ. ಕೆಲಸ ಇರುವುದಿಲ್ಲ, ನೆರಳು ಇರುತ್ತದೆ.

"ಎಷ್ಟ ಅಗಲ ಮಾಡ್ಲಿರಿ ಅಕ್ಕಾರ?"

"ಎರಡೂವರಿ ಮೊಳ."

ಮಾನಪ್ಪ ಉಳಿ ಕೆಳಗಿಟ್ಟ. "ಯಾರ ಮೊಳರಿ?"

ನಾಲ್ಕು ಹಿರಿಯರೂ ನನ್ನ ಕಡೆ ತಿರುಗಿದರು. ಸೆರಗು ಸರಿಮಾಡಿಕೊಂಡೆ. ನನ್ನ ಮೊಳ ಅಂತ ಬಾಯಿಯ ತನಕ ಬಂದಿತ್ತು. ಆದರೆ ನಾಲ್ಕು ಮಂದಿ ಗಂಡಸರ ಮುಂದೆ, ಒಂದು ಮನೆತನದ ಒಕ್ಕಲುತನದ ಸಾಮಾನಿಗೆ, ಹೆಂಗಸಿನ ಮೊಳ ಅಂತ ಹೇಳುವುದು ಹೇಗೆ? ಇವರ ಮರ್ಯಾದೆ ಏನಾಗಬೇಕು?

"ನಮ್ಮನಿಯವರದು," ಅಂದೆ.

ಅಳತೆ ನನ್ನದು, ಮರ್ಯಾದೆ ಅವರದು! ಆ ಒಂದು ಮಾತಿನಿಂದ ಮುಂದೆ ಎಷ್ಟು ಹುಲ್ಲು ಹಾಳಾಗಲಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

"ಹಂಗಾರ ಸಾಹುಕಾರ್ನ ಒಂದ ಸಲ ಕಳಸ್ರಿ, ಕೈ ಅಳಕೊಂತೀನಿ," ಅಂದ ಮಾನಪ್ಪ. ಪಾಪ, ಅವನು ನೆಟ್ಟಗೆ ಕೆಲಸ ಮಾಡುವವನು. ಇವರೂ ಹೋಗಿ ಕೈ ಚಾಚಿ ಕುಂತು ಅಳತೆ ಕೊಟ್ಟು ಬಂದರು, ಯಾಕೆ ಏನು ಅಂತ ಕೇಳಲಿಲ್ಲ. ಮೇವಿನ ಜವಾಬ್ದಾರಿ ನನ್ನದು ಅಂತ ನಾನೇ ಹೇಳಿದ್ದೆನಲ್ಲ!

ಇಲ್ಲಿ ಇವರ ಕೈಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಅಟ್ಟದ ಮೇಲಿನ ಡಬ್ಬಿಗಳನ್ನು ಇವರು ನಿಂತಲ್ಲೇ ತೆಗೆಯುತ್ತಾರೆ. ನಾನು ಸ್ಟೂಲಿನ ಮೇಲೆ ನಿಂತರೆ ಇವರ ಕಿವಿಯ ತನಕ ಬರುತ್ತೇನೆ. ನಮ್ಮ ಲಗ್ನದ ಫೋಟೋದಲ್ಲಿ ಫೋಟೋದವನು ನನ್ನನ್ನು ಒಂದು ಮಣೆಯ ಮೇಲೆ ನಿಲ್ಲಿಸಿದ್ದ. ಆ ಮಣೆಯೂ ಫೋಟೋದಲ್ಲಿ ಬಂದಿದೆ!

ದಂತಾಳ ತಯಾರಾಯಿತು. ಇವರು ಹೆಗಲ ಮೇಲೆ ಹೊತ್ತು ತಂದು ದನದ ಕೊಟ್ಟಿಗೆಯೊಳಗೆ ಇಡಲಿಕ್ಕೆ ಹೋದರು. ಬಾಗಿಲಲ್ಲಿ ಹಿಡಿಯಲಿಲ್ಲ. ಅಡ್ಡ ತಿರುಗಿಸಿ ಒಳಗೆ ನೂಕಿ, ಬೆವರು ಒರೆಸಿಕೊಂಡು ಕೇಳಿದರು.

"ಏ, ಇದನ್ನ ಹುಲ್ಲ ಜಗ್ಗಾಕ ಮಾಡಿಸೀಯೋ, ಘೋಡಗೇರಿ ತಲಿ ಬಾಚಾಕ ಮಾಡಿಸೀಯೋ? ಇಷ್ಟ ದೊಡ್ಡ ಹಣಿಗಿ ನಾ ಎಲ್ಲೂ ನೋಡಿಲ್ಲ!"

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಂತಿದ್ದ ನಮ್ಮ ಅತ್ತಿ, ಅಂದರೆ ಇವರ ಅವ್ವ, "ಇರ್ಲಿ ಬಿಡೋ. ದೊಡ್ಡದಿದ್ರ ಕೆಲಸಾ ಲಗೂನ ಆಗ್ತೈತಿ," ಅಂದರು. ನನಗೂ ಹಾಗೇ ಅನ್ನಿಸಿತ್ತು. ದೊಡ್ಡದು ಅನ್ನಿಸಿತ್ತು ಹೌದು, ತಪ್ಪು ಅನ್ನಿಸಿರಲಿಲ್ಲ.

ಭಾದ್ರಪದದಲ್ಲಿ ನಮ್ಮ ಜೈನರ ದಶಲಕ್ಷಣ ಪರ್ವ ಮುಗಿಯುವ ತನಕ ಹಸಿರಿಗೆ ಕುಡುಗೋಲು ಹಚ್ಚಬಾರದು ಅಂತ ಅತ್ತಿಯ ಕಟ್ಟಪ್ಪಣೆ. ಪರ್ವ ಮುಗಿಯಿತು, ಮಳೆಯೂ ಎರಡು ದಿನ ಬಿಡುವು ಕೊಟ್ಟಿತು, ಪೆಟ್ಟಿಗೆಯ ಪಾಳಿಯೂ ನಮ್ಮ ಊರಿಗೆ ಬಂತು. ಮೂರೂ ಒಮ್ಮೆಗೇ ಕೂಡಿ ಬಂದದ್ದು ನೋಡಿ, ಸ್ವಾಮಿ ನನ್ನ ಬೆನ್ನಿಗಿದ್ದಾನೆ ಅಂದುಕೊಂಡೆ. ಹಳ್ಳದ ದಂಡೆಯ ಹುಲ್ಲು ಕೊಯ್ದು, ಒಂದು ದಿನ ಬಾಡಿಸಿ, ಹುಳಹುಪ್ಪಡಿ ಇಲ್ಲದ ಹಾಗೆ ಜಾಡಿಸಿ, ನಾನೂ ನಿಂಗವ್ವಕಾಕೂ ದಂತಾಳ ಹಚ್ಚಿದೆವು.

ಸಾಲು ಎಂಥಾ ಸಾಲು! ಹಾಸಿದ ಜಮಖಾನದ ಹಾಗೆ ಬಿದ್ದಿತು. ಸುತ್ತಿದೆವು. ಸುರುಳಿ ಎತ್ತಿ ಪೆಟ್ಟಿಗೆಯ ಮೇಲೆ ಇಟ್ಟೆವು.

ಇಳಿಯಲಿಲ್ಲ.

ತೊಟ್ಟಿಲಲ್ಲಿ ಮದುಮಗನನ್ನು ಮಲಗಿಸಿದ ಹಾಗೆ, ಆ ಕಡೆ ಈ ಕಡೆ ಎರಡೂ ತುದಿ ಹೊರಗೆ. ನಾನು ಒಂದು ತುದಿ ಒಳಗೆ ತುಳಿದರೆ ಇನ್ನೊಂದು ಮೇಲೆ ಏಳುತ್ತಿತ್ತು. ಅದರ ಮೇಲೆ ಕಾಕೂ ಕುಂತರೆ ನನ್ನ ಕಡೆಯದು ಏಳುತ್ತಿತ್ತು. ನಾವಿಬ್ಬರೂ ಏರುತ್ತ ಇಳಿಯುತ್ತ ಇರುವುದನ್ನು ನೋಡಿ ಕಬ್ಬಿಗೆ ನೀರು ತಿರುವಲಿಕ್ಕೆ ಹೊಂಟಿದ್ದ ಇವರು ನಿಂತರು.

"ನೀ ಪೆಟ್ಟಿಗಿ ಅಳದದ್ದು ಯಾರ ಕೈಲೆ?"

"ನನ್ನ ಕೈಲೆ."

"ಮಾನಪ್ಪಗ ಹೇಳಿದ್ದು?"

"...ನಿಮ್ಮ ಕೈ ಅಂತ."

ಇವರು ಬದುವಿನ ಮೇಲೆ ಕುಂತುಬಿಟ್ಟರು. ನಕ್ಕರೋ, ಕೆಮ್ಮಿದರೋ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರಿಂದ ತಿಳಿಯಲಿಲ್ಲ. "ಹೇಣ್ತಿ ಗಂಡಗ ಮರ್ಯಾದಿ ಕೊಡಬೇಕು ಖರೆ. ಇಷ್ಟ ಕೊಡಬಾರದ ನೋಡವಾ!"

ಆಮೇಲೆ ಎದ್ದು, "ಬಿಡು, ನೀರ ತಿರುವಿ ಬಂದು ಮಾನಪ್ಪನ ಕಡೆ ಒಯ್ದು ಸರಿ ಮಾಡಸ್ತೀನಿ," ಅಂದರು. ಅಲ್ಲಿಗೇ ಸುಮ್ಮನಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಪಡುವಣ ದಿಕ್ಕಿಗೆ ಮೋಡ ಕಟ್ಟುತ್ತಿತ್ತು. ಪೆಟ್ಟಿಗೆಯನ್ನು ಮರುದಿನ ಸಂಜೆಗೆ ಮುಂದಿನ ಊರಿಗೆ ದಾಟಿಸಬೇಕಿತ್ತು. ಅದಕ್ಕೂ ಹೆಚ್ಚಾಗಿ, ಆ ನಾಲ್ಕು ಹಿರಿಯರು ಮಾನಪ್ಪನ ಚಪ್ಪರದಲ್ಲಿ ಇನ್ನೂ ಕುಂತೇ ಇದ್ದರು!

"ಪೆಟ್ಟಿಗಿ ಮೂರ ಫೂಟ, ದಂತಾಳ ನಾಕ ಫೂಟ," ಅಂದೆ ಕಾಕೂಗೆ, ಗೇಣು ಹಾಕಿ ನೋಡಿ. "ಒಂದ ಫೂಟ ಹೆಚ್ಚೈತಿ. ಒಂದ ಫೂಟ ಕೊಯ್ದರಾತು." ಮನೆಯಿಂದ ಗರಗಸ ತಂದೆ. ಬಲಗಡೆಯಿಂದ ಒಂದು ಫೂಟು ಕೊಯ್ದು ಒಗೆದೆ. ಏನು ಧೈರ್ಯ! ಏನು ವೇಗ!

ಕಾಕೂ ಬಿದ್ದ ತುಂಡನ್ನೂ ಉಳಿದ ದಂತಾಳವನ್ನೂ ನೋಡಿದಳು. "ಅಲ್ಲ ತಂಗಿ, ಕಾವು ನಡಬರಕ ಇತ್ತಲ್ಲ, ಈಗ ಒಂದ ಬಾಜೂ ಆತಲ್ಲ ಬೇ?"

ಕಾವು ಅಂದರೆ ಹಿಡಿಕೆ. ಖರೇನೇ, ಒಂದು ಬಾಜೂ ಆಗಿತ್ತು.

"ಏನಾಗಂಗಿಲ್ಲ ಬಿಡು ಕಾಕೂ," ಅಂತ ಜಗ್ಗಿದೆ. ದಂತಾಳ ನನ್ನ ಕಡೆ ಬರಲಿಲ್ಲ. ಸಿಟ್ಟಾದ ಬೀಗರ ಹಾಗೆ ಪಕ್ಕಕ್ಕೆ ಮುಖ ತಿರುಗಿಸಿತು. ಸರಿಪಡಿಸಿ ಮತ್ತೆ ಜಗ್ಗಿದೆ, ಮತ್ತೆ ತಿರುಗಿತು. ನೆಟ್ಟಗೆ ಹೋಗಬೇಕು ಅಂತ ಹೊರಟವಳು ಸುತ್ತು ಹೊಡೆದು ಹೊರಟ ಜಾಗಕ್ಕೇ ಬಂದು ನಿಂತೆ. ಹುಲ್ಲು ಸಾಲಾಗಲಿಲ್ಲ, ಜಿಲೇಬಿಯಾಯಿತು. ಬಿಡಿಸಿ ಮತ್ತೆ ಹರವಿದೆ. ಮತ್ತೆ ಜಿಲೇಬಿ. ಹೀಗೇ ಆ ಹಠದಲ್ಲಿ ಹೊತ್ತಿನ ಖಬರೇ ಉಳಿಯಲಿಲ್ಲ. ತಲೆ ಎತ್ತಿ ನೋಡಿದರೆ ಸೂರ್ಯ ಇಲ್ಲ!

ನಾವು ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ನಾನು ಮನೆ ಮುಟ್ಟಿದಾಗ ಒಲೆ ತಣ್ಣಗಿತ್ತು. ಸೊಸೆ ಈಗ ಬಂದಾಳು, ಆಗ ಬಂದಾಳು ಅಂತ ಅತ್ತಿ ಕಾಯ್ದು ಕುಂತಿದ್ದರು. ಇವರು ಕಾಲು ತೊಳೆದು ಬಂದು ಖಾಲಿ ತಾಟು ನೋಡಿದರು.

"ಇವತ್ತ ಯಾವ ಪರ್ವನ ಯವ್ವಾ? ಎಲ್ಲಾ ಮುಗದಿದ್ದುವಲ್ಲ?" ಅಂತ ಅತ್ತಿ ಕೇಳಿದರು.

"ದಂತಾಳ ಪರ್ವ ಅವ್ವಾ," ಅಂದರು ಇವರು. ನೀರು ಕುಡಿಯುವ ಹೊತ್ತೂ ಮೀರಿತ್ತು. ಸುಮ್ಮನೆ ಹಾಸಿಗೆ ಬಿಚ್ಚಿದರು. ಯಾರೂ ಬಯ್ಯಲಿಲ್ಲ. ಇಡೀ ಮನೆಗೆ ಒಂದೇ ಏಟಿಗೆ ಉಪವಾಸದ ಪುಣ್ಯ ಕಟ್ಟಿಸಿದ ಸೊಸೆ ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು!

ಹಸಿದು ಮಲಗಿದವಳಿಗೆ ಬುದ್ಧಿ ಬಂತು. ಬಲಗಡೆ ಒಂದು ಫೂಟು ಕೊಯ್ದದ್ದಕ್ಕೇ ಕಾವು ಒಂದು ಬಾಜೂ ಆಯಿತು. ಎಡಗಡೆಯೂ ಒಂದು ಫೂಟು ಕೊಯ್ದರೆ ಸಮ ಆಗುತ್ತದೆ. ಮುಂಜಾನೆ ಎದ್ದವಳೇ ಕೊಯ್ದೆ. ಸಮ ಆಯಿತು! ಕಾವು ಸರಿಯಾಗಿ ನಡುವೆ ಬಂದು ನಿಂತಿತು. ಜಗ್ಗಿದರೆ ಆಕಳ ಕರುವಿನ ಹಾಗೆ ಹಿಂದೆ ಹಿಂದೆ ಬಂತು. ಆ ಸಂತೋಷದಲ್ಲಿ ಹರವಿದ ಹುಲ್ಲನ್ನೆಲ್ಲ ಜಗ್ಗಿ, ಸುತ್ತಿ, ಮೊದಲನೇ ಸುರುಳಿ ಪೆಟ್ಟಿಗೆಯಲ್ಲಿ ಇಳಿಸಿದೆ. ಸಲೀಸಾಗಿ ಇಳಿಯಿತು. ಬಹಳೇ ಸಲೀಸಾಗಿ ಇಳಿಯಿತು.

ಆ ಕಡೆ ಗೇಣು ಜಾಗ ಖಾಲಿ. ಈ ಕಡೆಯೂ ಖಾಲಿ.

ನಾಲ್ಕು ಫೂಟಿನಲ್ಲಿ ಎರಡು ಫೂಟು ಹೋದರೆ ಎಷ್ಟು ಉಳಿಯುತ್ತದೆ? ಎರಡನೇ ಇಯತ್ತೆಯ ಲೆಕ್ಕ! ಬಲಗಡೆ ಅರ್ಧ, ಎಡಗಡೆ ಅರ್ಧ ಕೊಯ್ಯಬೇಕಿತ್ತು ಅಂತ ಈಗ ಹೊಳೆಯಿತು. ಆದರೆ ಕೊಯ್ದ ಕಟ್ಟಿಗೆಯನ್ನು ಅಂಟಿಸುವುದು ಯಾವ ತಪಸ್ಸಿನಿಂದಲೂ ಆಗುವಂಥದ್ದಲ್ಲ.

ಸಂಜೆಗೆ ಪೆಟ್ಟಿಗೆ ಹೋಗಬೇಕು, ನೆತ್ತಿಯ ಮೇಲೆ ಮೋಡ. ಕೈಯಿಂದ ಹುಲ್ಲು ಹಿರಿದು ಮೂಲೆಗಳಿಗೆ ತುರುಕಿ ತುರುಕಿ ತುಳಿದೆವು. ನಡುವೆ ಕಲ್ಲಿನಂತೆ ಗಟ್ಟಿ, ತುದಿಯಲ್ಲಿ ಸಡಿಲ. ಪೆಂಡಿಗಳು ಒಂದೊಂದೂ ಏಳು ತಿಂಗಳ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಚೀಲ ಸೇರಿದವು. ಕಟ್ಟಿ ಕೊಟ್ಟಿಗೆಯಲ್ಲಿ ಒಟ್ಟಿದ್ದೇ ತಡ, ಮಳೆ ಹಿಡಿಯಿತು. ನೆನೆಯಲಿಲ್ಲವಲ್ಲ, ಅದೂ ಒಂದು ಪುಣ್ಯ.

ಅತ್ತಿ ಮಾತ್ರ ಚೀಲಗಳನ್ನು ನೋಡಿ ಬಹಳ ಹೊತ್ತು ವಿಚಾರ ಮಾಡಿದರು. "ಅಲ್ಲ ಯವ್ವಾ, ನಾವು ರಾತ್ರಿ ಉಳದದ್ದು ಮುಂಜಾನೆ ತಿನ್ನಂಗಿಲ್ಲ. ಆಕಳಿಗೆ ಆರ ತಿಂಗಳ ತಂಗಳಾ ಹಾಕ್ತೀಯಾ?"

ಇದಕ್ಕೆ ಡಾಕ್ಟರೂ ಉತ್ತರ ಕೊಟ್ಟಿರಲಿಲ್ಲ.

ಆಮೇಲಿನ ಚಳಿಗಾಲ ನನಗೆ ಉದ್ದವಾಯಿತು. ದಿನಾ ಹಾಲು ಹಿಂಡಲಿಕ್ಕೆ ಕೊಟ್ಟಿಗೆಗೆ ಹೋದಾಗ ಆ ಚೀಲಗಳು ಎದುರಿಗೆ ಕುಂತಿರುತ್ತಿದ್ದವು. ಚಂದ್ರಿಯ ಹೊಟ್ಟೆಗೆ ಹಣೆ ಆನಿಸಿ ಹಿಂಡುವಾಗ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಮನೆಯಲ್ಲಿ ಉಪ್ಪು ಹಾಕುವುದು ನನ್ನ ಚಿಟಿಕೆಯಿಂದ. ಅಕ್ಕಿ ಅಳೆಯುವುದು ನನ್ನ ಬೊಗಸೆಯಿಂದ. ಹೂವಿನವಳು ಬಂದರೆ ಮೊಳ ಹಾಕಿಸಿಕೊಳ್ಳುವುದು ನನ್ನ ಕೈಗೆ, ಅವಳ ಕೈ ಗಿಡ್ಡ ಅಂತ! ಇಷ್ಟು ವರ್ಷ ಈ ಮನೆ ಉಂಡದ್ದು ಉಟ್ಟದ್ದು ಎಲ್ಲ ನನ್ನ ಕೈಯ ಅಳತೆಯಲ್ಲೇ. ಯಾರ ಚಿಟಿಕೆ ಅಂತ ಯಾರೂ ಕೇಳಿಲ್ಲ, ಸಾರು ಕೆಟ್ಟೂ ಇಲ್ಲ. ಒಂದೇ ಒಂದು ಸಲ ಯಾರ ಮೊಳ ಅಂತ ಕೇಳಿದರು. ಆಗ ಯಾಕೆ ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ? ಆ ಹಿರಿಯರು ನಗುತ್ತಿದ್ದರೇ? ಬಹುಶಃ ನಗುತ್ತಿರಲಿಲ್ಲ. ಅವರಿಗೆ ಬೇಕಾದದ್ದು ನೆರಳು, ನನ್ನ ಮೊಳ ಅಲ್ಲ. ಇದನ್ನು ಇವರ ಮುಂದೆ ಹೇಳಿದರೆ, "ನನ್ನ ಮರ್ಯಾದಿ ನಿನ್ನ ಮೊಳದಾಗ ಇಲ್ಲ, ಊಟದ ಹೊತ್ತಿನ್ಯಾಗ ಐತಿ," ಅಂದರು. ಆ ಉಪವಾಸವನ್ನು ಅವರು ಮರೆತಿರಲಿಲ್ಲ.

ಯುಗಾದಿ ಬಂತು. ಭರಮಣ್ಣನೂ ಬಂದ, ಟೆಂಪೋನೂ ಬಂತು. ಟೆಂಪೋದಲ್ಲಿ ಚಂದ್ರಿಗೆ ದಾರಿಯಲ್ಲಿ ಇರಲಿ ಅಂತ ಒಂದು ಕಣಕಿ ಹೊರೆಯನ್ನೂ ತಂದಿದ್ದ. ಅಷ್ಟು ಒಳ್ಳೆಯ ಮನುಷ್ಯ! ಹೋಳಿಗೆ ಊಟ ಆಯಿತು. ಎಲ್ಲರೂ ಕೊಟ್ಟಿಗೆಗೆ ಬಂದರು.

"ತೆಗಿ ನೋಡೋಣು," ಅಂದರು ಇವರು. ದನಿಯಲ್ಲಿ ಹಂಗಿಸುವುದಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ.

ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳುತ್ತ ಮೊದಲನೇ ಚೀಲದ ಬಾಯಿ ಬಿಚ್ಚಿದೆ. ಬಿಳಿ ಬೂಸ್ಟು, ಕರಿ ಬೂಸ್ಟು, ನಾತ! ಅತ್ತಿ ಸೆರಗು ಮೂಗಿಗೆ ಹಿಡಿದರು. ಭರಮಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ವೈನಿ, ಇದೇನ ಮೇವ್ರೀ, ಹುಳಕ್ಕ ಹೊಡಿಯೂ ಔಷಧಿರೀ?"

ಇವರು ಭರಮಣ್ಣನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅವನು ಗೂಟದಿಂದ ಹಗ್ಗ ಬಿಚ್ಚಿದ. ನಾನು ಅಳಬಾರದು ಅಂತ ಮಾತಾಗಿತ್ತು. ಅದಕ್ಕೆ ಆ ಕಡೆ ಮುಖ ಮಾಡಿ ಹಾಳಾದ ಹುಲ್ಲನ್ನು ಕೈಯಿಂದ ಹಿರಿದು ಹಿರಿದು ಬುಟ್ಟಿಗೆ ಒಗೆಯತೊಡಗಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ತುದಿಯ ಸಡಿಲು ಹುಲ್ಲು ಹೋದ ಮೇಲೆ ಕೈಗೆ ಗಟ್ಟಿ ಸಿಕ್ಕಿತು. ಪೆಂಡಿಯ ಹೊಟ್ಟೆ. ಹಿರಿದರೆ ಬರಲಿಲ್ಲ. ಜಗ್ಗಿದೆ. ಹಳದಿ ಹಸಿರು ಬಣ್ಣ, ಹುಣಸೆಹಣ್ಣಿಗೆ ಬೆಲ್ಲ ಕಲಸಿದಂಥ ವಾಸನೆ.

ಹಿಂದಿನಿಂದ ಯಾರೋ ನನ್ನನ್ನು ನೂಕಿದರು. ತಿರುಗಿ ನೋಡಿದರೆ ಚಂದ್ರಿ! ಟೆಂಪೋದ ಕಡೆ ನಡೆದವಳು ಭರಮಣ್ಣನನ್ನೂ ಹಗ್ಗವನ್ನೂ ಎಳೆದುಕೊಂಡು ಬಂದು, ನನ್ನ ಕೈಯೊಳಗಿನದಕ್ಕೆ ಬಾಯಿ ಹಾಕಿದಳು. ಒಂದು ಹಿಡಿ ತಿಂದಳು. ಇನ್ನೊಂದು ಹಿಡಿ ತಿಂದಳು. ಭರಮಣ್ಣ ಜಗ್ಗಿದ, ಅಲುಗಲಿಲ್ಲ. ಕಣಕಿ ತಂದು ಮೂಗಿನ ಮುಂದೆ ಹಿಡಿದ. ಆ ಕಡೆ ನೋಡಲೂ ಇಲ್ಲ.

ಇವರು ಕುಂತು ಒಂದೊಂದೇ ಚೀಲ ಬಿಚ್ಚಿದರು. ಎಲ್ಲದರದೂ ಅದೇ ಕಥೆ. ಎರಡೂ ತುದಿ ಹಾಳು, ಹೊಟ್ಟೆ ಬಂಗಾರ.

"ಅರ್ಧಾ ಹೋಗೇತಿ," ಅಂದರು.

"ಅರ್ಧಾ ಉಳದೈತಿ," ಅಂದೆ.

ಚಂದ್ರಿ ಮೆಲ್ಲುತ್ತಲೇ ಇದ್ದಳು. ಇವರು ಚೀಲಗಳನ್ನು ನೋಡಿದರು, ಚಂದ್ರಿಯನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಒಣಗಿಸಿದ ಕಬ್ಬಿನ ಗರಿ ಒಂದಿಷ್ಟ ಅದಾವು. ಎರಡೂ ಕೂಡಿಸಿ ಹಾಕಿದ್ರ ಮಳಿಗಾಲದ ಮಟಾ ಹೆಂಗರ ದೂಡಬಹುದು," ಅಂದರು.

ಭರಮಣ್ಣ ಹಗ್ಗ ಕೈಬಿಟ್ಟ. "ಹೋಗ್ಲಿ ಬಿಡ್ರಿ. ಇಂಥಾ ಹುಳಿಹುಳಿ ರುಚಿ ಹತ್ತಿದ ಆಕಳಿಗೆ ನಮ್ಮನಿ ಕಣಕಿ ಎಲ್ಲಿ ಸೇರಬೇಕು? ನಿಮ್ಮ ತಂಗಿಗೆ ಇಷ್ಟೆಲ್ಲಾ ಅಡಗಿ ಮಾಡಾಕ ಬರಂಗಿಲ್ರಿ!"

ಅವನು ಕಣಕಿ ಹೊರೆಯನ್ನು ನಮ್ಮಲ್ಲೇ ಇಳಿಸಿ, ಹೋಳಿಗೆ ಕಟ್ಟಿಸಿಕೊಂಡು, ಖಾಲಿ ಟೆಂಪೋ ಹೊಡಕೊಂಡು ಹೋದ. ನನಗೆ ಆ ದಿನ ಬಂದ ಗರ್ವ ಒಂದೇ ಕೊಟ್ಟಿಗೆಯಲ್ಲಿ ಹಿಡಿಯುವಂಥದ್ದಲ್ಲ. ಗೆದ್ದದ್ದು ಪೆಂಡಿಯ ಹೊಟ್ಟೆ ಅಂತ ಮರೆತು, ನಾನೇ ಗೆದ್ದೆ ಅಂದುಕೊಂಡೆ. ಮರುದಿನದಿಂದ ನಸುಕಿನಲ್ಲಿ ಎದ್ದು, ಚಂದ್ರಿಯ ಮುಂದೆ ದೊಡ್ಡ ಬುಟ್ಟಿ ರಸಮೇವು ಸುರುವಿ, ಅವಳು ತಿನ್ನುತ್ತಿರುವಾಗಲೇ ಹಿಂಡಿ, ಗಿಂಡಿ ಹಿಡಿದು ಬಸದಿಗೆ ನಡೆದೆ. ಅಷ್ಟು ಠೀವಿಯಿಂದ ಆ ಮೆಟ್ಟಿಲು ನಾನು ಎಂದೂ ಹತ್ತಿರಲಿಲ್ಲ.

ಕೆಲವು ದಿನ ಎಲ್ಲ ಸುರಳೀತ ನಡೆಯಿತು. ಬಸದಿಯಲ್ಲಿ ಪೂಜೆ ಮಾಡುವ ಪಂಡಿತರಿಗೆ ನೆಗಡಿಯಾಗಿತ್ತು. ನೆಗಡಿ ಆರಾಮಾದ ದಿನ ಅವರು ಗಿಂಡಿ ಎತ್ತಿದವರು ಹಾಗೇ ನಿಂತರು. ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು.

"ಅಕ್ಕಾರ, ಇದು ಉಪ್ಪಿನಕಾಯಿ ಹಾಕೂ ಗಿಂಡಿ ಏನ್ರಿ?"

ಬಸದಿಯಲ್ಲಿದ್ದವರೆಲ್ಲ ತಿರುಗಿದರು. ಸ್ವಾಮಿಯ ಎದುರಿಗೆ ನಿಂತು ನಾನು ಎಲ್ಲವನ್ನೂ ಹೇಳಬೇಕಾಯಿತು. ಪೆಟ್ಟಿಗೆ, ಮೊಳ, ಗರಗಸ, ಏನನ್ನೂ ಬಿಡದೆ! ಪಂಡಿತರು ನಗು ತಡೆಯಲಿಕ್ಕೆ ಆಗದೆ ಗಿಂಡಿಯನ್ನು ಕೆಳಗಿಟ್ಟರು. "ಮೇವಿನ ವಾಸನಿ ಹಾಲಿಗೆ ಹತ್ತೈತ್ರಿ. ನಾಳಿಯಿಂದ ಮೊದಲ ಹಿಂಡ್ರಿ, ಆಮ್ಯಾಲ ಮೇಸ್ರಿ," ಅಂದರು. ಆವತ್ತು ಸ್ವಾಮಿಗೆ ನೀರಿನ ಅಭಿಷೇಕ. ಇಷ್ಟು ದಿನ ಆ ಹುಳಿ ನಾತದ ಹಾಲು ಮೈಮೇಲೆ ಸುರಿಸಿಕೊಂಡು ಸ್ವಾಮಿ ಒಂದು ಮಾತೂ ಆಡಿರಲಿಲ್ಲ. ಅವನ ಸೈರಣೆ ದೊಡ್ಡದು.

ಮರುದಿನ ಮೊದಲು ಹಿಂಡಿ, ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು ಹಾಲು ತುಂಬಿಕೊಂಡು ಹೋದೆ. ಪಂಡಿತರು ಗಿಂಡಿಯನ್ನು ಮೂಗಿಗೆ ಹಿಡಿಯುವಾಗ ಕೈಮುಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಅಲುಗಿಸುತ್ತ ನಿಂತುಬಿಟ್ಟೆ. ಬಾಜೂ ನಿಂತ ಒಬ್ಬ ಅಕ್ಕ ತನ್ನ ಸೊಸೆಗೆ ನನ್ನನ್ನು ತೋರಿಸಿ, "ಭಕ್ತಿ ಅಂದ್ರ ಇದು ನೋಡ," ಅಂದದ್ದು ಕೇಳಿಸಿತು.

ನಾನು ಬೇಡಿಕೊಳ್ಳುತ್ತಿದ್ದದ್ದು, ಪಂಡಿತರಿಗೆ ಮತ್ತೊಂದು ಸಲ ನೆಗಡಿ ಬರಲಿ ಅಂತ!